ಹಸಿರಾದ ದಿನ

"ಇದರಲ್ಲಿ ಮಂತ್ರ ಏನೂ ಇಲ್ಲ ಅತ್ತೆ. ಜನ ಬಂದು ವಯಸ್ಸು ಹಾಕ್ತಾರೆ, ಸಂಬಳ ಹಾಕ್ತಾರೆ, ತಿಂಗಳ ಖರ್ಚು ಹಾಕ್ತಾರೆ. ಕೂಡಿಟ್ಟಿದ್ದು ರಿಟೈರ್ ಆದ್ಮೇಲೆ ಸಾಯೋವರೆಗೂ ಬರುತ್ತಾ ಇಲ್ವಾ ಅಂತ ಕ್ಯಾಲ್ಕುಲೇಟರ್ ಹೇಳುತ್ತೆ. ಸಾಲದಿದ್ರೆ ಕೆಂಪು, ಸಾಕಾದ್ರೆ ಹಸಿರು. ಏನಾದ್ರೂ ತಿದ್ದಿದಾಗ ನಮ್ಮ ಆಫೀಸಲ್ಲಿ ಎಲ್ರೂ ಬಾಯಿಗೆ ಬಂದ ಅಂಕಿ ಹಾಕಿ ಪರೀಕ್ಷೆ ಮಾಡ್ತಾರೆ. ನಾನು ಮಾತ್ರ ನಮ್ಮನೇದೇ ಹಾಕೋದು. ಸುಳ್ಳು ಅಂಕಿಗೆ ತಪ್ಪು ಸಿಕ್ಕಿಬೀಳಲ್ಲ. ನಿಜವಾಗ್ಲೂ ಬಾಡಿಗೆ ಕಟ್ಟೋನ ಅಂಕಿಗೆ ಸಿಕ್ಕಿಬೀಳುತ್ತೆ. ಹಾಗಾಗಿ ಇದರೊಳಗೆ ಮೊದಲಿಂದ ನಾವಿಬ್ರೂ ಇದ್ದೀವಿ. ಅವಳು ಇನ್ನೂ ಇದ್ದಾಳೆ. ಈಗ ತೆಗೆದು ನೋಡಬೇಕು."

ನನ್ನ ಅಳಿಯ ಹೀಗೆ ಹೇಳಿದ್ದು ಅಡುಗೆಮನೆಯ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು. ನಾನು ಎದುರಿಗೆ ಕೂತು ಬಟಾಣಿ ಬಿಡಿಸುತ್ತಿದ್ದೆ. ಮಗಳು ಹೋಗಿ ವರ್ಷ ತುಂಬಿತ್ತು. ವಾರಕ್ಕೊಂದು ಸಲ ಬಂದು ಮನೆ ಒಪ್ಪ ಮಾಡಿ ಹೋಗುತ್ತಿದ್ದೆ.

ಮಗಳು ಗಂಡನಿಗೆ ಮುಂಜಾಗ್ರತೆ ಅಂತ ಹೆಸರಿಟ್ಟಿದ್ದಳು. ಸುಡು ಬಿಸಿಲಲ್ಲೂ ಛತ್ರಿ ಹಿಡಿಯುವ ಮನುಷ್ಯ. ಬೀಗ ಹಾಕಿ ಮೆಟ್ಟಿಲಿಳಿದು, ಮತ್ತೆ ಹತ್ತಿ ಬೀಗ ಎಳೆದು ನೋಡುವವರು. "ಅಮ್ಮಾ, ಮುಂಜಾಗ್ರತೆಯವರು ಬಂದರು, ಬಾಗಿಲು ತೆಗಿ" ಅನ್ನುವಳು. ಅವಳು ಕನ್ನಡಕದ ಅಂಗಡಿಯಲ್ಲಿ ದಿನವಿಡೀ ನಿಂತು ಕೆಲಸ ಮಾಡುತ್ತಿದ್ದಳು. ಮನೆಗೆ ಬಂದವಳೇ ಗಂಡನ ಹೆಗಲ ಮೇಲೆ ಬಗ್ಗಿ ಕೇಳುವಳು: "ಹಸಿರಾಯ್ತಾ ರೀ?"

"ಇನ್ನೂ ಇಲ್ಲ. ನಿನ್ನನ್ನ ತೊಂಬತ್ತರವರೆಗೆ ಸಾಕಬೇಕಲ್ಲ."

"ತೊಂಬತ್ತಕ್ಕೆ ಬೊಚ್ಚು ಬಾಯಲ್ಲಿ ಏನು ತಿನ್ನಲಿ?"

"ಹಲ್ಲಿನ ಸೆಟ್ಟಿನ ಖರ್ಚೂ ಸೇರಿಸಿದ್ದೀನಿ."

"ಹಸಿರಾದ ದಿನ ಅಂಗಡಿ ಬಿಟ್ಟುಬಿಡ್ತೀನಿ ನೋಡಿ. ಮಧ್ಯಾಹ್ನ ಕಾಲು ಚಾಚಿ ಮಲಗೋದು."

ಆ ಮಧ್ಯಾಹ್ನ ಅವಳಿಗೆ ಸಿಗಲೇ ಇಲ್ಲ. ಹೊಟ್ಟೆನೋವು ಅಂತ ಆಸ್ಪತ್ರೆಗೆ ಹೋದವಳು ತಿರುಗಿ ಬರಲಿಲ್ಲ.

ಈಗ ಅವರ ಆಫೀಸಿಗೆ ಜನರಿಂದ ದೂರು ಬಂದಿತ್ತು. ಮದುವೆಯಾಗಿದೆ ಅಂದರೆ ಆ ಕ್ಯಾಲ್ಕುಲೇಟರ್ ಜೊತೆಗಾರರ ವಯಸ್ಸು ಕೇಳುತ್ತದೆ, ಹಾಕದಿದ್ದರೆ ಮುಂದಕ್ಕೆ ಬಿಡುವುದಿಲ್ಲ. ಒಬ್ಬ ಹೆಂಗಸು ಸತ್ತ ಗಂಡನ ವಯಸ್ಸು ಹಾಕಿ ಮುಂದೆ ಹೋದಳಂತೆ. ಅಂಥವರಿಗಾಗಿ 'ಜೊತೆಗಾರರು ಈಗಿಲ್ಲ' ಅನ್ನುವ ಹೊಸ ಗುಂಡಿ ಸೇರಿಸಿದ್ದರು. ಅದನ್ನು ಪರೀಕ್ಷಿಸಿ ಸರಿಯಿದೆ ಅನ್ನಬೇಕಾದವರು ನನ್ನ ಅಳಿಯ. ದಿನಾ "ನಾಳೆ" ಅನ್ನುತ್ತಿದ್ದರು.

ಅಷ್ಟರಲ್ಲಿ ಅವರ ಆಫೀಸಿನ ಮೇಡಂ ಫೋನು ಬಂತು. ನನಗೂ ಕೇಳುತ್ತಿತ್ತು.

"ನಿಮಗೆ ಕಷ್ಟ ಆದ್ರೆ ಬೇರೆಯವರಿಗೆ ಕೊಡ್ತೀನಿ. ಬೇಜಾರು ಮಾಡ್ಕೋಬೇಡಿ."

"ಬೇಡ ಮೇಡಂ," ಅಂದರು. "ಅವಳನ್ನ ಬೇರೆಯವರು ತೆಗೆಯೋದು ಬೇಡ."

ಫೋನಿಟ್ಟು ಕೈ ಒರೆಸಿಕೊಂಡರು, ಒದ್ದೆಯೇನೂ ಇರಲಿಲ್ಲ. ಹೊಸ ಗುಂಡಿ ಒತ್ತಿದರು. ಪರದೆಯ ತುಂಬ ಹಸಿರು. ಮೇಲೆ ದಪ್ಪ ಅಕ್ಷರ. ನಾನು ಅಕ್ಷರ ಕೂಡಿಸಿಕೊಂಡು ಓದುವವಳು, ಓದಿದರೆ ಬಾಯಿಬಿಟ್ಟೇ ಓದಬೇಕು. "ಅ-ಭಿ-ನಂ-ದ-ನೆ-ಗ-ಳು. ನಿಮ್ಮ ಹಣ ಸಾಕಾಗುತ್ತದೆ."

ಓದಿ ಮುಗಿದ ಮೇಲೆ ನನಗೆ ಅರ್ಥವಾಯಿತು. ಬಟಾಣಿಯ ಬಟ್ಟಲು ಕೆಳಗಿಟ್ಟೆ.

"ಅಷ್ಟು ವರ್ಷ ಕೆಂಪಿತ್ತು ಅತ್ತೆ," ಅಂದರು. ಪರದೆಯ ಮೇಲಿನ ಅಂಕಿಗಳನ್ನು ಒಂದೊಂದಾಗಿ ಮೇಲಿಂದ ನೋಡುತ್ತ ಬಂದರು.

ಕೊನೆಗೆ ಕೇಳಿದರು. "ಇದು ಒಬ್ಬರು ಹೋದ್ರೆ ಖರ್ಚು ಅರ್ಧ ಅಂತ ಹಿಡಿಯುತ್ತೆ. ಈ ಮನೇಲಿ ಅರ್ಧ ಆಗಿದೆಯಾ?"

"ಎಲ್ಲಿ ಆಗುತ್ತಪ್ಪಾ? ಬಾಡಿಗೆ ಅಷ್ಟೇ ಇದೆ. ದೀಪ ಒಬ್ಬರಿದ್ರೂ ಅಷ್ಟೇ ಉರಿಯುತ್ತೆ. ಹಾಲು ಈಗಲೂ ಎರಡು ಪ್ಯಾಕೆಟ್ ತರ್ತೀರಿ, ಒಂದು ಕೆಡುತ್ತೆ."

ಅವರೇ ಮೇಡಂಗೆ ಫೋನು ಹಚ್ಚಿದರು. "ಖರ್ಚನ್ನ ನಾವು ಅರ್ಧ ಮಾಡೋದು ಬೇಡ. ಎಷ್ಟು ಅಂತ ಲೆಕ್ಕ ನೋಡೋಕೆ ಬಂದವರನ್ನೇ ಕೇಳೋಣ. ಆ ಅಭಿನಂದನೆ ಅನ್ನೋದನ್ನೂ ತೆಗೀಬೇಕು."

"ಅದು ಜನಕ್ಕೆ ಖುಷಿಯಾಗಲಿ ಅಂತ ಇಟ್ಟಿದ್ದಲ್ವಾ?"

"ಹೆಂಡತಿ ಸತ್ತಿದ್ದಕ್ಕೆ ನನಗೆ ಈಗಷ್ಟೇ ಅಭಿನಂದನೆ ಬಂತು ಮೇಡಂ."

ಮೇಡಂ ಮೆಲ್ಲಗೆ "ತೆಗೀರಿ" ಅಂದರು.

ಸಂಜೆಯವರೆಗೂ ಕೂತು ತಿದ್ದಿದರು. ನಿಜವಾದ ಖರ್ಚು ಹಾಕಿ ಗುಂಡಿ ಒತ್ತಿದರೆ ಮತ್ತೆ ಕೆಂಪು. ಅದನ್ನು ಕಂಡು ಅವರ ಮುಖ ಸ್ವಲ್ಪ ಸಡಿಲವಾಯಿತು. ಆದರೆ ಅವಳ ವಯಸ್ಸು ಇದ್ದ ಜಾಗ ಬಿಳಿಯಾಗಿತ್ತು. ಅಲ್ಲಿಂದ ಅವರು ಕಣ್ಣು ಕೀಳಲಿಲ್ಲ.

"ಪರೀಕ್ಷೆ ಮುಗೀತಲ್ಲ. ಅವಳನ್ನ ಮತ್ತೆ ಹಾಕಬಹುದಲ್ವಾ?" ಅಂದೆ. ನನಗೂ ಬೇಕಾಗಿತ್ತು ಅದು.

"ಹಾಕಬಹುದು ಅತ್ತೆ," ಅಂದರು. "ಆದರೆ ಸುಳ್ಳು ಅಂಕಿ ಆಗುತ್ತೆ."

ಕಂಪ್ಯೂಟರ್ ಮುಚ್ಚಿದರು.

ಹೊರಗೆ ಹಗ್ಗದ ಮೇಲೆ ಹಾಸಿಗೆಯ ದುಪ್ಪಟಿ ಒಣಗಿತ್ತು. ನಾನು ತೆಗೆಯುತ್ತಿದ್ದಂತೆ ಅವರು ಬಂದು ಎರಡು ತುದಿ ಹಿಡಿದರು. ಈ ಕಡೆ ಹಿಡಿಯುತ್ತಿದ್ದ ಮಗಳು ನನಗಿಂತ ಎತ್ತರ. ನಾನು ಹಿಡಿದ ಕಡೆ ಬಟ್ಟೆ ನೆಲಕ್ಕೆ ತಾಗುತ್ತಿತ್ತು.

"ಸ್ವಲ್ಪ ಎತ್ತಿ ಹಿಡೀರಿ ಅತ್ತೆ."

ಎತ್ತಿ ಹಿಡಿದೆ. ಇಬ್ಬರೂ ಜಾಡಿಸಿದೆವು, ಉದ್ದಕ್ಕೆ ಮಡಚಿದೆವು. ನಾನು ಅವರ ಹತ್ತಿರ ನಡೆದು ನನ್ನ ತುದಿಗಳನ್ನು ಅವರ ಕೈಗೆ ಕೊಟ್ಟೆ. ಬಗ್ಗಿ, ಕೆಳಗೆ ಜೋತುಬಿದ್ದ ಮಡಿಕೆಯನ್ನು ಎತ್ತಿಕೊಂಡೆ.