ವರ್ಲಿನ್ ಹಿಡಿಕೆ

ವರ್ಲಿನ್ ಸ್ಟಾಡರ್ಡ್ ನಮ್ಮ ಸೇಂಟ್ ಪೀಟರ್ಸ್‌ಬರ್ಗಿನ ನೀರಿನ ಮೀಟರುಗಳನ್ನು ಇಪ್ಪತ್ತೆಂಟು ವರ್ಷ ಓದಿದವನು. ಫ್ಲಾರಿಡಾದಲ್ಲಿ ಮೀಟರುಗಳು ಅಂಗಳದ ಹುಲ್ಲಿನ ನಡುವೆ ಮುಚ್ಚಳದ ಕೆಳಗೆ ಇರುತ್ತವೆ. ಹಾಗಾಗಿ ಊರಿನವರು ಬಲ್ಲದ್ದು ಅವನ ಬಾಗಿದ ಬೆನ್ನನ್ನು. ಅವನ ಮುಖವನ್ನು ಬಲ್ಲವು ನಾಯಿಗಳು ಮಾತ್ರ.

ಇಂಥವನು ಪ್ರತಿ ಮಾರ್ಚಿನಲ್ಲಿ ಮೂರು ದಿನ ತಲೆಯೆತ್ತಿ ನಿಲ್ಲುತ್ತಿದ್ದ. ವರ್ಷದ ಮೊದಲ ಕಾರು ಪಂದ್ಯ ನಮ್ಮಲ್ಲೇ. ಕೊಲ್ಲಿಯ ದಡದ ಬೀದಿಗಳನ್ನೂ ಸಣ್ಣ ವಿಮಾನ ನಿಲ್ದಾಣದ ಓಡುದಾರಿಯನ್ನೂ ಕಾಂಕ್ರೀಟ್ ಗೋಡೆ ಹಾಕಿ ಮುಚ್ಚುತ್ತಾರೆ. ಹತ್ತನೇ ತಿರುವಿನ ಗೋಡೆಯ ಹಿಂದೆ, ಬಿಳಿ ಅಂಗಿ ಬಿಳಿ ಪ್ಯಾಂಟು ತೊಟ್ಟ ವರ್ಲಿನ್, ಕೈಯಲ್ಲಿ ಬಾವುಟ. ಗಂಟೆಗೆ ನೂರೈವತ್ತು ಮೈಲಿ ವೇಗದಲ್ಲಿ ಬರುವ, ಸ್ವಂತ ಹೆಂಡತಿಯ ಮಾತು ಕೇಳದ ಗಂಡಸರು ಅವನ ಕೈ ಆಡಿದರೆ ವೇಗದ ಪೆಡಲಿನಿಂದ ಕಾಲು ತೆಗೆಯುತ್ತಿದ್ದರು.

ಈ ಕೆಲಸಕ್ಕೆ ಸಂಬಳವಿಲ್ಲ. ಒಂದು ಊಟದ ಡಬ್ಬಿ, ಒಂದು ಟೀ ಶರ್ಟು, ಟೋಪಿಗೆ ಚುಚ್ಚಿಕೊಳ್ಳಲು ಒಂದು ಪಿನ್ನು, ಅಷ್ಟೆ. ಇಪ್ಪತ್ತೆರಡು ವರ್ಷದ ಪಿನ್ನುಗಳು ಸೇರಿ ವರ್ಲಿನ್‌ನ ಟೋಪಿ ತಲೆಯ ಮೇಲೆ ಕೂತಂತೆ ಕಾಣುತ್ತಿರಲಿಲ್ಲ, ತಲೆಯೇ ಅದನ್ನು ಹೊತ್ತು ನಿಂತಂತೆ ಕಾಣುತ್ತಿತ್ತು. ನಗುವ ಹಕ್ಕು ನನಗಿಲ್ಲ. ಅದೇ ತಿರುವಿನಲ್ಲಿ ನಾನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಪಂದ್ಯ ನಡೆಸುವ ಗೋಪುರದವರಿಗೆ ಸುದ್ದಿ ಹೇಳುವವನು. ಆ ಮೂರು ದಿನ ಹೆಂಡತಿ ಕಾಫಿ ಬೇಕಾ ಎಂದು ಕೇಳಿದರೂ, ಸ್ವಲ್ಪ ತಡೆದು, ಸಂದೇಶ ತಲುಪಿದವನ ಹಾಗೆ ಉತ್ತರಿಸುತ್ತೇನೆ.

ಮೂರು ವರ್ಷದ ಹಿಂದೆ ವರ್ಲಿನ್ ತನ್ನ ಬಾವುಟಗಳ ಹಿಡಿಕೆಗೆ ಟೇಪು ಸುತ್ತತೊಡಗಿದ. ಹಳದಿಗೆ ಒಂದು ಸುತ್ತು, ಬಿಳಿಗೆ ಎರಡು, ನೀಲಿಗೆ ಮೂರು. ಯಾಕೆಂದು ಕೇಳಿದಾಗ, "ಬೆವರಿಗೆ ಕೈ ಜಾರುತ್ತೆ ಕಣಯ್ಯ, ಹಿಡಿತಕ್ಕೆ" ಎಂದ. ಮಾರನೆಯ ವರ್ಷ ಒಂಬತ್ತನೇ ತಿರುವಿನವರೂ ಸುತ್ತಿದರು. ಅದರ ಮಾರನೆಯ ವರ್ಷ ಎಲ್ಲರೂ. ಬಾವುಟಗಳ ಉಗ್ರಾಣ ನೋಡಿಕೊಳ್ಳುವ ಡೆಲ್ಮರ್ ನಮ್ಮ ಸಂಘದ ಪತ್ರಿಕೆಯಲ್ಲಿ 'ವರ್ಲಿನ್ ಹಿಡಿಕೆ' ಎಂಬ ಲೇಖನ ಬರೆದ, ಬಾಣದ ಗುರುತುಗಳಿದ್ದ ಚಿತ್ರದ ಸಮೇತ.

ಈ ವರ್ಷ ಶುಕ್ರವಾರ ಬೆಳಗಿನ ಸಭೆಯಲ್ಲಿ ಡೆಲ್ಮರ್ ಎದ್ದು ನಿಂತ. ಚಳಿಗಾಲವೆಲ್ಲ ಕೂತು ತಾನೇ ಎಲ್ಲ ಹಿಡಿಕೆಗೂ ಹೊಸ ಟೇಪು ಸುತ್ತಿದ್ದಾನಂತೆ.

"ಪ್ರತಿಯೊಂದಕ್ಕೂ ಮೂರೇ ಸುತ್ತು. ಯಾವ ಬಣ್ಣದ್ದಾದ್ರೂ ಅಷ್ಟೆ. ಅಳತೆಪಟ್ಟಿ ಇಟ್ಟು ಸುತ್ತಿದೀನಿ. ವರ್ಲಿನ್, ಎದ್ದೇಳಪ್ಪ, ಜನ ನೋಡ್ಲಿ."

ಚಪ್ಪಾಳೆ ಬಿತ್ತು. ವರ್ಲಿನ್ ಎದ್ದ. ಅವನ ಮುಖ ಬಿಳುಚಿಕೊಂಡಿತ್ತು. ಸಂಕೋಚ ಎಂದುಕೊಂಡೆ ನಾನು. ಇಂಥ ವಿಷಯದಲ್ಲಿ ನನ್ನ ಊಹೆ ಯಾವತ್ತೂ ಇಷ್ಟೇ ಚುರುಕು.

ಮಧ್ಯಾಹ್ನ ಗೋಡೆಗೆ ಒರಗಿ ಉಪ್ಪು ಬಿಸ್ಕತ್ತಿಗೆ ಹೊಗೆ ಹಾಕಿದ ಮೀನು ಹಚ್ಚಿಕೊಂಡು ತಿನ್ನುತ್ತಿದ್ದೆ. ವರ್ಲಿನ್ ಎರಡು ಬಾವುಟ ಹಿಡಿದು ಬಂದ.

"ಕ್ಲೈಡ್, ಇದ್ರಲ್ಲಿ ಯಾವ್ದು ಜಾಸ್ತಿ ಕೊಳೆಯಾಗಿದೆ ನೋಡು."

"ಹಳದಿದು."

"ಅಂದ್ರೆ ಯಾವ ಕೈದು?"

ನಾನು ತಿನ್ನುವುದನ್ನು ನಿಲ್ಲಿಸಿದೆ. "ಎಡಗೈದು. ಯಾಕೆ ವರ್ಲಿನ್?"

ಅವನು ಪಕ್ಕದಲ್ಲಿ ಕೂತ. ನಾಲ್ಕು ಬೇಸಿಗೆ ಹಿಂದೆ ಪೊರೆ ತೆಗೆಸಿದ ಎಡಗಣ್ಣು, ಎಲ್ಲರಿಗೂ "ಬಹಳ ಚೆನ್ನಾಗಾಯ್ತು" ಎಂದು ಹೇಳಿಕೊಂಡಿದ್ದ ಆ ಕಣ್ಣು, ಕೀವಾಗಿ ಪೂರ್ತಿ ಹೋಗಿತ್ತು. ಈಗ ಬಲಗಣ್ಣಿಗೂ ಪೊರೆ. ಉಳಿದಿರುವುದು ಒಂದೇ ಕಣ್ಣಾದ್ದರಿಂದ ಅದನ್ನು ಮುಟ್ಟಲು ವೈದ್ಯರೂ ಹಿಂದೆಮುಂದೆ ನೋಡುತ್ತಿದ್ದರು.

"ಬಿಳಿ, ಹಳದಿ ಎರಡೂ ನಂಗೆ ಹಳೇ ಪೇಪರ್ ಬಣ್ಣ. ಬೆರಳಲ್ಲಿ ಸುತ್ತು ಎಣಿಸ್ಕೊಂಡು ಮೂರು ವರ್ಷ ತಳ್ಳಿದೆ. ಆ ಪುಣ್ಯಾತ್ಮ ಅಳತೆಪಟ್ಟಿ ಇಟ್ಟು ನನ್ನ ಕಣ್ಣು ಕಿತ್ತ."

ಬಿಳಿ ತೋರಿಸಿದರೆ ಮುಂದೆ ಯಾವುದೋ ಗಾಡಿ ನಿಧಾನವಾಗಿ ಹೋಗುತ್ತಿದೆ ಎಂದರ್ಥ. ಹಳದಿ ಬೀಸಿದರೆ ದಾರಿಯಲ್ಲಿ ಕಾರೊಂದು ಒಡೆದು ಬಿದ್ದಿದೆ, ಜೀವದ ಆಸೆಯಿದ್ದರೆ ನಿಧಾನಿಸು ಎಂದು. ಎರಡರ ನಡುವಿನ ಅಂತರ ಒಬ್ಬ ಮನುಷ್ಯನ ಜೀವ.

"ನಮ್ಮ ತಿರುವಿನ ಕ್ಯಾಪ್ಟನ್‌ಗೆ ಹೇಳ್ಬಿಡು" ಎಂದೆ.

"ಹೇಳಿದ್ರೆ ಊಟದ ಡಬ್ಬಿ ಹಂಚೋಕೆ ಕಳಿಸ್ತಾರೆ. ಕ್ಲೈಡ್, ಇಪ್ಪತ್ತೆಂಟು ವರ್ಷ ನೆಲ ನೋಡ್ಕೊಂಡು ದುಡಿದೋನು ನಾನು. ಈ ಭಾನುವಾರ ಒಂದು ಕಳೀಲಿ. ಆಮೇಲೆ ನಾನೇ ಬಿಡ್ತೀನಿ. ನಿನ್ನ ದಮ್ಮಯ್ಯ."

ಹೇಳಬೇಕಾಗಿತ್ತು. ಹೇಳಲಿಲ್ಲ. ಬದಲಿಗೆ ದಿನಪತ್ರಿಕೆಗೆ ಸುತ್ತಿ ಬರುವ ರಬ್ಬರ್ ಬ್ಯಾಂಡೊಂದನ್ನು ಹುಡುಕಿ ಹಳದಿಯ ಹಿಡಿಕೆಗೆ ಹಾಕಿಕೊಟ್ಟೆ. ಒಬ್ಬನ ಜೀವ ಉಳಿಸುವ ಏರ್ಪಾಡನ್ನು ಇಷ್ಟು ಅಗ್ಗದಲ್ಲಿ ಮಾಡಿದವರು ಬೇರೆ ಇರಲಾರರು.

ಶನಿವಾರ ಅವನು ನಿಂತ ರೀತಿ ನೋಡಲಾಗುತ್ತಿರಲಿಲ್ಲ. ಹೆಬ್ಬೆರಳು ಆ ರಬ್ಬರಿನಿಂದ ಕದಲಲಿಲ್ಲ. ಡಬ್ಬಿ ತೆರೆಯಲಿಲ್ಲ, ನೀರು ಕುಡಿಯಲಿಲ್ಲ, ಕುಡಿದರೆ ಶೌಚಕ್ಕೆ ಹೋಗಬೇಕು, ಹೋದರೆ ಬಾವುಟ ಕೆಳಗಿಡಬೇಕು. ನಮ್ಮ ತಿರುವಿನ ಕ್ಯಾಪ್ಟನ್ ಆರ್ಡಿತ್, ಶಾಲೆಯ ಗ್ರಂಥಾಲಯದಲ್ಲಿ ಜನ್ಮ ಸವೆಸಿ ನಿವೃತ್ತಳಾದ ಹೆಂಗಸು, ದೂರದಿಂದ ನೋಡಿ ಮೆಚ್ಚಿದಳು. "ಕಲಿತ್ಕೋ ಕ್ಲೈಡ್. ನಿಷ್ಠೆ ಅಂದ್ರೆ ಅದು."

ಭಾನುವಾರ ಕೊಲ್ಲಿಯ ಗಾಳಿ ಜೋರಾಗಿತ್ತು. ರಾಷ್ಟ್ರಗೀತೆಗೆ ಎಲ್ಲರೂ ಟೋಪಿ ತೆಗೆದು ನಿಲ್ಲಬೇಕಾದ್ದರಿಂದ ವರ್ಲಿನ್ ಬಾವುಟಗಳನ್ನು ಗೋಡೆಗೆ ಒರಗಿಸಿದ. ಎಡವಟ್ಟಾಗಲು ಅಷ್ಟು ಹೊತ್ತು ಸಾಕಾಯಿತು. ಆಮೇಲೆ ಪಂದ್ಯ ಶುರುವಾಗಿ, ಕಾರುಗಳ ಸದ್ದಿಗೆ ಎದೆಯ ಗೂಡು ನಡುಗುತ್ತಿರುವಾಗ, ಅವನು ನನ್ನ ಕಡೆ ಒಮ್ಮೆ ನೋಡಿದ. ಬೆರಳುಗಳು ಹಿಡಿಕೆಗಳ ಮೇಲೆ ಓಡಾಡುತ್ತಿದ್ದವು, ಹೊಲಿಗೆ ಬಿಚ್ಚುವವನ ಹಾಗೆ. ಏನಾಯಿತೆಂದು ನಾನು ಕೈಸನ್ನೆಯಲ್ಲಿ ಕೇಳಿದೆ. ಅವನು ಉತ್ತರಿಸುವ ಮೊದಲೇ ನಮ್ಮ ತಿರುವಿನಾಚೆ ಒಂದು ಕಾರು ಗೋಡೆಗೆ ಬಡಿದು, ಗಿರ್ರನೆ ತಿರುಗಿ, ದಾರಿಗೆ ಅಡ್ಡ ನಿಂತಿತು. ಚಾಲಕ ಒಳಗೇ ಇದ್ದ. ಹಿಂದಿನಿಂದ ಬರುವವರಿಗೆ ಗೋಡೆಯ ಮರೆಯಲ್ಲಿ ಅದು ಕಾಣುವ ಹಾಗಿರಲಿಲ್ಲ.

ನಾನು ಹೆಡ್‌ಫೋನಿನ ಗುಂಡಿ ಒತ್ತಿ ಗೋಪುರಕ್ಕೆ ಹೇಳತೊಡಗಿದೆ. "ಹತ್ತನೇ ತಿರುವು, ಕಾರು ಅಡ್ಡ ನಿಂತಿದೆ..."

ವರ್ಲಿನ್‌ನ ಎರಡೂ ಕೈಯಲ್ಲಿ ಒಂದೊಂದು ಬಾವುಟ. ಎರಡಕ್ಕೂ ಮೂರು ಸುತ್ತು, ರಬ್ಬರ್ ಬ್ಯಾಂಡು ಯಾವುದರಲ್ಲೂ ಇಲ್ಲ. ಊಹಿಸಿ ಒಂದನ್ನು ಬೀಸಬಹುದಿತ್ತು. ಸರಿಯಾಗಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ.

"ಕ್ಲೈಡ್, ಹಳದಿ ಯಾವ್ದು?" ಅವನು ಕೂಗಿದ. "ನಂಗೆ ಕಾಣ್ತಿಲ್ಲ. ಹಳದಿ ಯಾವ್ದು ಹೇಳು."

"ಬಲಗೈ."

ಬಲಗೈ ಮೇಲೆದ್ದಿತು. ಆ ಬೀಸು ನಾನು ಮರೆಯುವುದಿಲ್ಲ, ಗಾಳಿಯನ್ನೇ ಹರಿಯುವಂತಿತ್ತು. ತಿರುವಿಗೆ ಬಂದ ಕಾರು ಮೂಗು ತಗ್ಗಿಸಿ, ಟೈರು ಸುಟ್ಟ ಹೊಗೆಯೆಬ್ಬಿಸಿ, ನಿಂತ ಕಾರಿನ ಪಕ್ಕದಲ್ಲಿ ಒಂದು ತೋಳಿನಷ್ಟು ಜಾಗ ಬಿಟ್ಟು ಸಾಗಿತು.

ಆಗ ನೋಡಿಕೊಂಡೆ. ನನ್ನ ಹೆಬ್ಬೆರಳು ಇನ್ನೂ ಗುಂಡಿಯ ಮೇಲೇ ಇತ್ತು. ಹದಿನಾಲ್ಕು ತಿರುವುಗಳೂ ಗೋಪುರವೂ ಎಲ್ಲವನ್ನೂ ಕೇಳಿದ್ದವು.

"ಹತ್ತನೇ ತಿರುವು," ಗೋಪುರದ ದನಿ ಬಹಳ ಮೆತ್ತಗಿತ್ತು, "ಕಾಣ್ತಿಲ್ಲ ಅಂದಿದ್ದು ಯಾರು?"

ಗಾಳಿಯ ಸದ್ದು ಎನ್ನಬಹುದಿತ್ತು. ವರ್ಲಿನ್ ಬೀಸುತ್ತಲೇ ಇದ್ದ, ತಲೆ ತಿರುಗಿಸದೆ. ನನ್ನ ಮೌನದಿಂದಲೇ ಪ್ರಶ್ನೆ ತಿಳಿದಿರಬೇಕು.

"ನಾನೇ ಅಂತ ಹೇಳು" ಎಂದ.

ಹೇಳಿದೆ.

ಆರ್ಡಿತ್ ಬಂದಳು. ಕಂಕುಳಲ್ಲಿ ನಿಯಮಗಳ ಪುಸ್ತಕ. ಗಾಳಿಗೆ ಹಾಳೆ ಹಾರದಂತೆ ಅದಕ್ಕೆ ಒಂದು ರಬ್ಬರ್ ಬ್ಯಾಂಡು ಹಾಕಿದ್ದಳು. ನಾನು ಅದನ್ನೇ ನೋಡುತ್ತಿದ್ದುದನ್ನು ಕಂಡು, "ಹಿಡಿಕೆಗೆ ಅಂಟ್ಕೊಂಡಿತ್ತು. ಕಸ ಅಂದ್ಕೊಂಡೆ" ಎಂದಳು. ಆಮೇಲೆ ಬಾವುಟಕ್ಕಾಗಿ ವರ್ಲಿನ್ ಕಡೆ ಕೈ ಚಾಚಿದಳು.

ಬಾವುಟ ಹಿಡಿದವನು ಬರುವ ಕಾರುಗಳಿಗೆ ಬೆನ್ನು ಹಾಕಬಾರದೆಂಬುದು ನಮ್ಮ ಪದ್ಧತಿ. ವರ್ಲಿನ್ ಹಿಡಿಕೆಯನ್ನು ಅವಳ ಕೈಗಿಟ್ಟು, ಕಾರುಗಳ ಕಡೆಗೆ ಮುಖ ಮಾಡಿಕೊಂಡೇ ಹಿಂದಕ್ಕೆ ಹೆಜ್ಜೆ ಹಾಕಿದ, ಕಾಲಿಗೆ ಮಡಚುವ ಕುರ್ಚಿ ತಗಲುವ ತನಕ. ಕೂತು, ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಹಣೆಯ ಮೇಲೆ ಅದರ ಅಂಚಿನ ಕೆಂಪು ಗೆರೆ ಆಳವಾಗಿ ಬಿದ್ದಿತ್ತು.

ಹೆಡ್‌ಫೋನಿನಲ್ಲಿ ಡೆಲ್ಮರ್ ನುಗ್ಗಿದ. "ಕ್ಲೈಡ್, ಅವ್ನನ್ನ ಕೇಳು. ಹಿಡಿತಕ್ಕೆ ಅಂದಿದ್ದು ಸುಳ್ಳಾ ಹಾಗಾದ್ರೆ?"

ಕೇಳಲಿಲ್ಲ.

"ಆ ಹುಡುಗ ಕಾರಿಂದ ಇಳಿದ್ನಾ?" ವರ್ಲಿನ್ ಕೇಳಿದ.

"ಇಳಿದ. ನಡೀತಿದಾನೆ."

"ಈಗ ಯಾವ ಬಾವುಟ?"

"ಹಳದಿ."

ಸ್ವಲ್ಪ ಹೊತ್ತು ಬಿಟ್ಟು, "ಈಗ?"

"ಇನ್ನೂ ಹಳದಿನೇ."

"ಹೂಂ."

ಒಡೆದ ಕಾರನ್ನು ಎತ್ತಿದರು. ಆರ್ಡಿತ್ ಹಳದಿಯನ್ನು ಇಳಿಸಿದಳು. ಈ ಸಲ ಅವನು ಯಾವ ಬಾವುಟ ಎಂದು ಕೇಳಲಿಲ್ಲ. ಅಷ್ಟರಲ್ಲಿ ಕಾರುಗಳೆಲ್ಲ ಒಟ್ಟಿಗೆ ಗುಡುಗಿಕೊಂಡು ಬಂದವು, ಅವನು ಪಾದದ ಬಳಿಯ ಹುಲ್ಲು ನೋಡುತ್ತ ಕೂತಿದ್ದ.