ಪಿಳ್ಳಪ್ಪನ ‘ನೋಡಾಣ’

ಕೆಂಪಾಪುರದ ಪಿಳ್ಳಪ್ಪನನ್ನು ಊಟಕ್ಕೆ ಕರೆದು ಉತ್ತರಕ್ಕೆ ಕಾಯುವುದಕ್ಕಿಂತ ರಾಗಿಕಲ್ಲನ್ನು ಮಾತಾಡಿಸುವುದು ಮೇಲು. ಅದೇ ಊರಿನ ಮುನಿಯಲ್ಲಮ್ಮ ಕರೆಯಲೆಂದು ಕುಂಕುಮ ಹಿಡಿದು ಅವನ ಬಾಗಿಲಿಗೆ ಹೋದರೆ ಎಲೆಅಡಿಕೆ ಇಸಕೊಂಡು ಕಣ್ಣಿಗೊತ್ತಿಕೊಳ್ಳುತ್ತಾನೆ, ಅಡಿಕೆಯನ್ನು ಅಲ್ಲೇ ಬಾಯಿಗೆಸೆದುಕೊಳ್ಳುತ್ತಾನೆ. “ಬತ್ತೀಯೇನಣ್ಣಾ?” ಎಂದರೆ ಮಾತ್ರ ಸೂರಿನ ಹೆಂಚು ನೋಡುತ್ತಾ “ನೋಡಾಣ ಬುಡಕ್ಕಾ” ಅನ್ನುತ್ತಾನೆ. ಅದೇನು ಅಮಲ್ದಾರರಿಗೆ ಕೊಟ್ಟ ಅರ್ಜಿಯೇ, ನೋಡಿ ಹೇಳುವುದಕ್ಕೆ? ಅವನ ಮನೆಯಲ್ಲಿ ಉಣ್ಣುವವರು ಒಂಬತ್ತು ಜನ. ಮುನಿಯಲ್ಲಮ್ಮನ ಮಗಳ ಮದುವೆಯಲ್ಲಿ ಅವರಿಗೆಂದು ಬೇಯಿಸಿದ ಅನ್ನವೆಲ್ಲ ಹಳಸಿ ಕಲಗಚ್ಚಿಗೆ ಹೋಯಿತು. ಒಂದು ನರಪಿಳ್ಳೆಯೂ ಬರಲಿಲ್ಲ. ಅದಕ್ಕೇ ಈ ಸಲ ಮೊಮ್ಮಗಳ ನಾಮಕರಣಕ್ಕೆ ಅವಳು ಕರೆದು ಬಂದರೂ ಅವರನ್ನು ಲೆಕ್ಕಕ್ಕೆ ಹಿಡಿಯದೆ, ದಾಸರಹಳ್ಳಿಯಿಂದ ಬಿಟಿಎಸ್ ಬಸ್ಸಿನಲ್ಲಿ ಬರುವ ಬೀಗರಿಗೆ ಸಾಕಾಗುವಷ್ಟೇ ಅಕ್ಕಿ ಅಳೆದಳು. ಮಧ್ಯಾಹ್ನ ಬಾಳೆಲೆ ತರಲು ಅವನ ಮನೆ ಮುಂದೆ ಹಾಯುವಾಗ, ಇವತ್ತು ಉಗಿದೇ ಹೋಗಬೇಕೆಂದು ನಿಂತಳು. ಪಿಳ್ಳಪ್ಪ ಗಂಜಿ ಹಾಕಿದ ಪಂಚೆ ಉಟ್ಟು ಜಗಲಿಯ ಮೇಲೆ ಕೂತಿದ್ದ. ಪಕ್ಕದಲ್ಲಿ ಎಣ್ಣೆ ಹಚ್ಚಿ ತಲೆ ಬಾಚಿದ ಮಕ್ಕಳ ಸಾಲು. ಒಳಗೆ ಒಲೆ ಹೊತ್ತಿರಲಿಲ್ಲ. “ಬರಾಕೇನಣ್ಣಾ ರೋಗ ನಿಂಗೆ?” “ಎಲೆ ಹಾಕೋ ಹೊತ್ಗೆ ಇನ್ನೊಂದ್ಸಲಿ ಬಂದು ಕರ್ದು ಏಳಿಸ್ಬೇಕಲ್ವೇನಕ್ಕಾ? ನಮ್ಮಪ್ಪನ ಕಾಲ್ದಾಗೆ ಅಂಗೇ ಅಲ್ವಾ? ಮದ್ವೇಲೂ ಇಂಗೇ ಕಾದ್ವಿ, ಯಾರೂ ಬರ್ನಿಲ್ಲ.” “ದೊಡ್ಡ ಪಾಳೇಗಾರ! ಓಲಗ ಊದಿಸ್ಕೊಂಡು ಬರ್ಬೇಕಾಗಿತ್ತೇನೋ! ಏಳ್ರೋ ಎಲ್ಲಾ” ಎಂದು ಗದರಿದ ಮುನಿಯಲ್ಲಮ್ಮ, ಅವರಿಗಿಂತ ಮುಂಚೆ ಓಡೋಡಿ ಬಂದು ಇನ್ನೊಂದು ಒಲೆಗೆ ಎಸರಿಟ್ಟಳು.