ಬಾಲದಲ್ಲಿ ಕುಳಿತ ಬಸವಣ್ಣ

ಎರಡು ವರ್ಷದ ಹಿಂದಿನ ಮಾತು. ಯುಗಾದಿಗೆ ಇನ್ನೂ ಇಪ್ಪತ್ತು ದಿನ ಇತ್ತು. ಹುಬ್ಬಳ್ಳಿಯ ನಮ್ಮ ಮನೆಯ ಪಡಸಾಲೆಯಲ್ಲಿ, ನಾನು ಜಂಪರ್ ಬಟ್ಟೆ ಕತ್ತರಿಸುವ ಮೇಜಿನ ಮೇಲೆ, ಒಂದು ವಿಮಾನ ಮಲಗಿತ್ತು. ಆಟಿಕೆ ಸಾಮಾನು ಅನ್ನಬೇಡಿ, ನಮ್ಮವರಿಗೆ ಸಿಟ್ಟು ಬರುತ್ತದೆ. ರೆಕ್ಕೆಯ ಈ ತುದಿಯಿಂದ ಆ ತುದಿಗೆ ಐದು ಅಡಿ ಇತ್ತು. ಎರಡು ತಿಂಗಳಿಂದ ಅದು ನನ್ನ ಮೇಜನ್ನು ಆಕ್ರಮಿಸಿಕೊಂಡಿದ್ದರಿಂದ ನಾನು ನೆಲದ ಮೇಲೆ ಚಾಪೆ ಹಾಸಿಕೊಂಡು ಬಟ್ಟೆ ಕತ್ತರಿಸುತ್ತಿದ್ದೆ.

ನಮ್ಮವರು ದುರ್ಗದ ಬೈಲಿನ ಹತ್ತಿರ ಕೈಗಡಿಯಾರ ರಿಪೇರಿ ಮಾಡುತ್ತಿದ್ದರು. ಇಪ್ಪತ್ತಾರು ವರ್ಷ ಒಂದೇ ಕುರ್ಚಿ, ಒಂದೇ ಮೇಜು. ಒಂದು ಸಂಜೆ ಸ್ಕೂಟರ್ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಎಲುಬು ಕೂಡಿತು, ನಡುಕ ಉಳಿಯಿತು. ಮತ್ತೆ ಅಂಗಡಿಗೆ ಹೋದ ಮೊದಲ ದಿನವೇ ಚಿಮಟದಿಂದ ಒಂದು ಸಣ್ಣ ಗಾಲಿ ಸಿಡಿದು ಎಲ್ಲಿಗೋ ಹೋಯಿತಂತೆ. ಗಿರಾಕಿ ಏನೂ ಅನ್ನಲಿಲ್ಲ. ಇವರೇ ಬಾಗಿಲು ಹಾಕಿ ಮನೆಗೆ ಬಂದರು, ಮತ್ತೆ ಹೋಗಲಿಲ್ಲ. ಡಾಕ್ಟರು, ಕೈ ಸರಿಯಾಗಿದೆ, ಹೆದರಿಕೆ ಹೋಗಬೇಕು, ಬೆರಳಿಗೆ ಏನಾದರೂ ಸಣ್ಣ ಕೆಲಸ ಕೊಡಿ ಎಂದರು. ಮನೆಯಲ್ಲಿ ಅವರೆಕಾಯಿಯ ನಾರು ತೆಗೆದು ಸೋಸಲು ಕೊಟ್ಟೆ. ಅದರಿಂದ ಹೆದರಿಕೆ ಹೋಗುವುದಿರಲಿ, ಕಾಯಿ ಕೂಡ ಸರಿಯಾಗಿ ಸೋಸಲಿಲ್ಲ.

ಈ ವಿಮಾನದ ಬಿಡಿಭಾಗಗಳ ಪೆಟ್ಟಿಗೆ ತಂದವರು ಖಲೀಲಭಾಯಿ. ನಮ್ಮ ಅಂಗಡಿಯ ಪಕ್ಕದಲ್ಲೇ ಮೋಟಾರು ವೈಂಡಿಂಗ್ ಮಾಡುವವರು, ರಜೆ ಬಂದರೆ ರಿಮೋಟು ವಿಮಾನ ಹಾರಿಸುವ ಹುಚ್ಚು. ಯಾರೋ ಕಾಲೇಜು ಮೇಷ್ಟ್ರು ಕೊಂಡು, ಬಿಚ್ಚದೇ ಇಟ್ಟು, ಕೊನೆಗೆ ಖಲೀಲಭಾಯಿಗೆ ಕೊಟ್ಟ ಪೆಟ್ಟಿಗೆ ಅದು. ಒಳಗೆ ಒಂದು ದೊಡ್ಡ ನಕಾಶೆ ಮತ್ತು ಕಡ್ಡಿ, ಹಲಗೆ. ಬಾಲ್ಸಾ ಮರವಂತೆ. ಕೈಯಲ್ಲಿ ಹಿಡಿದರೆ ಹಿಡಿದದ್ದೇ ಗೊತ್ತಾಗದಷ್ಟು ಹಗುರ, ಉಗುರು ಒತ್ತಿದರೆ ಗುರುತು ಮೂಡುತ್ತಿತ್ತು. "ಇದ್ರಾಗ ಒಂದು ಗುಬ್ಬಿ ಗೂಡೂ ಆಗೂದಿಲ್ಲ" ಎಂದು ಮೊದಲು ನಕ್ಕವಳು ನಾನೇ.

ಆದರೆ ನನಗೊಂದು ಕೆಟ್ಟ ಚಟ. ಯಾರಾದರೂ ಏನಾದರೂ ಮಾಡುತ್ತಿದ್ದರೆ ಅದು ಏನು, ಯಾಕೆ ಎಂದು ಕೇಳದೇ ಇದ್ದರೆ ಊಟ ಸೇರುವುದಿಲ್ಲ. ನಕಾಶೆಯ ಮೇಲೆ ಕಡ್ಡಿ ಇಟ್ಟು, ನನ್ನ ಗುಂಡುಸೂಜಿಗಳನ್ನೇ ಚುಚ್ಚಿ, ಅಂಟು ಹಚ್ಚುವುದನ್ನು ಎರಡು ದಿನ ದೂರದಿಂದ ನೋಡಿದೆ. ಮೂರನೇ ದಿನ ಹತ್ತಿರ ಹೋಗಿ, ರೆಕ್ಕೆಯ ಪಕ್ಕೆಲುಬು ಮೇಲೆ ಡುಬ್ಬ, ಕೆಳಗೆ ಸಪಾಟ ಯಾಕೆ ಎಂದು ಕೇಳಿದೆ. ನಮ್ಮವರು ಒಂದು ಕಾಗದದ ಪಟ್ಟಿಯನ್ನು ತುಟಿಗೆ ಹಿಡಿದು ಅದರ ಮೇಲ್ಗಡೆ ಊದಿದರು. ಕಾಗದ ಕೆಳಗೆ ಹೋಗುವ ಬದಲು ಮೇಲೆ ಎದ್ದಿತು. ನನಗೆ ನಂಬಿಕೆ ಬರಲಿಲ್ಲ. ಅಡುಗೆಮನೆಗೆ ಹೋಗಿ ಹಾಲಿನ ಬಿಲ್ಲು ಹರಿದು ನಾನೂ ಊದಿದೆ. ಎದ್ದಿತು. ಮತ್ತೆ ಮತ್ತೆ ಊದುತ್ತ ನಿಂತಾಗ ಒಲೆಯ ಮೇಲೆ ಹಾಲು ಉಕ್ಕಿತು.

ಅಲ್ಲಿಂದ ನಾನೂ ಕೂತೆ. ರೆಕ್ಕೆಗೆ ಹೊದಿಸುವ ತೆಳು ಹಾಳೆಯನ್ನು ಇಸ್ತ್ರಿಯಿಂದ ಅಂಟಿಸಬೇಕು, ಹದ ಬಿಸಿ ತಾಗಿದರೆ ಅದು ಡೊಳ್ಳಿನ ಚರ್ಮದ ಹಾಗೆ ಬಿಗಿಯುತ್ತದೆ, ಹೆಚ್ಚಾದರೆ ಸುಡುತ್ತದೆ. ಇಸ್ತ್ರಿ ಅಂದರೆ ನನ್ನ ಕೆಲಸ. ಒಂದು ಸುಕ್ಕು ಬಿಡಲಿಲ್ಲ. ಆ ಎರಡು ತಿಂಗಳಲ್ಲಿ ನಮ್ಮವರ ಕೈಯನ್ನೂ ನೋಡುತ್ತಿದ್ದೆ. ನಡುಗುತ್ತಿತ್ತು, ಆದರೆ ಕಡ್ಡಿ ಮುಟ್ಟುವ ಹೊತ್ತಿಗೆ ನಿಲ್ಲುತ್ತಿತ್ತು. ರವಿವಾರಕ್ಕೊಮ್ಮೆ ಖಲೀಲಭಾಯಿ ಊರ ಹೊರಗಿನ ಬಯಲಿಗೆ ಕರೆದುಕೊಂಡು ಹೋಗಿ ತಮ್ಮ ಹಳೆಯ ಥರ್ಮಾಕೋಲ್ ವಿಮಾನದ ಮೇಲೆ ಇವರಿಗೆ ರಿಮೋಟು ಕಲಿಸಿದರು.

ಅಷ್ಟರಲ್ಲಿ ಅಂಗಡಿಯ ಮಾಲೀಕರು, ಯುಗಾದಿಗೆ ನೀವು ಬಾಗಿಲು ತೆಗೆಯುತ್ತೀರೋ ಇಲ್ಲವೋ ಹೇಳಿಬಿಡಿ, ಇನ್ನೊಬ್ಬರು ಕೇಳುತ್ತಿದ್ದಾರೆ ಎಂದು ಹೇಳಿಕಳಿಸಿದರು. ನಮ್ಮವರು ನನ್ನೊಂದಿಗೆ ಏನೂ ಚರ್ಚೆ ಮಾಡಲಿಲ್ಲ. ಖಲೀಲಭಾಯಿ ಚಹಾ ಕುಡಿಯುತ್ತ ಕೂತಿದ್ದಾಗ ಅವರಿಗೆ ಹೇಳಿದರು. "ಇದನ್ನ ಈ ಕೈಲೇ ಹಾರಿಸಿ, ಈ ಕೈಲೇ ಇಳಸ್ತೀನಿ. ಇಳೀತು ಅಂದ್ರ ಯುಗಾದಿಗೆ ಅಂಗಡಿ ತಗೀತೀನಿ. ಇಲ್ಲಂದ್ರ ಕೀಲಿ ಕೊಟ್ಟ ಬಿಡೂದು."

ಇಪ್ಪತ್ತಾರು ವರ್ಷದ ಕೆಲಸವನ್ನು ಒಂದು ಕಡ್ಡಿಯ ವಿಮಾನಕ್ಕೆ ಕಟ್ಟುವುದೇ? ಹೇಳಿದರೆ ಕೇಳುವವರಲ್ಲ.

ಹಾರಿಸುವ ಹಿಂದಿನ ಸಂಜೆ ತೂಕ ನೋಡಿದೆವು. ರೆಕ್ಕೆಯ ಕೆಳಗೆ ನಕಾಶೆ ಹೇಳಿದ ಜಾಗದಲ್ಲಿ ಎರಡೂ ಕಡೆ ಒಂದೊಂದು ಬೆರಳು ಇಟ್ಟು ಎತ್ತಿದರೆ ವಿಮಾನ ಹಿಂದಕ್ಕೂ ವಾಲಬಾರದು, ಮುಂದಕ್ಕೂ ವಾಲಬಾರದು. ನಮ್ಮವರು ಬ್ಯಾಟರಿಯನ್ನು ಮೂಗಿನೊಳಗೆ ಒಂದು ನೂಲು ಮುಂದೆ, ಒಂದು ನೂಲು ಹಿಂದೆ ಸರಿಸಿದರು. ಕೊನೆಗೆ ನನ್ನ ಬೆರಳ ಮೇಲೆ ಅದು ತಕ್ಕಡಿಯಂತೆ ನಿಂತಿತು. ಆ ಖುಷಿ ಏನು ಹೇಳಲಿ!

ಇನ್ನು ನನ್ನ ಬುದ್ಧಿಯ ಕಥೆ ಕೇಳಿ. ನನ್ನ ತವರು ಅಮ್ಮಿನಬಾವಿ. ಅಲ್ಲಿ ನಂದಿ ಬಸವಣ್ಣನಿಲ್ಲದೆ ಹೊಸದೇನೂ ಶುರುವಾಗುವುದಿಲ್ಲ. ಹೊಸ ಚಕ್ಕಡಿಗೆ ಬಸವಣ್ಣ, ಬಾವಿಯ ಪಂಪಿಗೆ ಬಸವಣ್ಣ, ನಮ್ಮಪ್ಪ ಟ್ರ್ಯಾಕ್ಟರಿನ ಮುಂದೆಯೂ ಹಿತ್ತಾಳೆಯ ಬಸವಣ್ಣನನ್ನು ಕೂಡಿಸಿದ್ದರು. ನಮ್ಮವರಿಗೆ ಇದೆಲ್ಲ ಸೇರದು. ವಿಮಾನದ ಮೂಗಿಗೆ ವಿಭೂತಿ ಹಚ್ಚಲು ಒಪ್ಪಿದ್ದೇ ದೊಡ್ಡದು. ನನಗೆ ಅಷ್ಟು ಸಾಲಲಿಲ್ಲ. ಅವರ ಅನ್ನವೇ ಅದರ ಮೇಲೆ ನಿಂತಿತ್ತಲ್ಲ.

ಮುಂಜಾನೆ ಅವರು ಜಳಕಕ್ಕೆ ಹೋದಾಗ ದೇವರ ಜಗಲಿಯ ಮೇಲಿದ್ದ ಹೆಬ್ಬೆರಳಷ್ಟು ಹಿತ್ತಾಳೆ ಬಸವಣ್ಣನನ್ನು ತೆಗೆದುಕೊಂಡೆ. ಸಾಗಿಸಲೆಂದು ರೆಕ್ಕೆ ಬಿಚ್ಚಿಟ್ಟಿದ್ದರಿಂದ ವಿಮಾನದ ಹೊಟ್ಟೆ ತೆರೆದಿತ್ತು. ಮುಂದೆ ಬ್ಯಾಟರಿ, ಅಲ್ಲಿಟ್ಟರೆ ಕಂಡುಬಿಡುತ್ತದೆ. ಹಿಂದೆ ಟೊಳ್ಳು. ಹತ್ತಿಯಲ್ಲಿ ಸುತ್ತಿ, ಎರಡೂ ಬದಿ ಅಂಟುವ ಟೇಪು ಹಚ್ಚಿ, ನನ್ನ ಉದ್ದನೆಯ ಕಟ್ಟಿಗೆಯ ಅಳತೆಪಟ್ಟಿಯಿಂದ ಬಾಲದ ತುದಿಯವರೆಗೂ ನೂಕಿದೆ. ಬಾಲ ಅಲುಗಿಸುವ ತಂತಿಗಳಿಗೆ ತಾಗದಂತೆ ಎಚ್ಚರ ವಹಿಸಿದೆ. ಎಂಥ ಜಾಣೆ ನೋಡಿ. ತಂತಿಯ ಲೆಕ್ಕ ಹಾಕಿದೆ, ಭಾರದ ಲೆಕ್ಕ ತಲೆಗೇ ಬರಲಿಲ್ಲ.

ಹಾರಿಸಲು ಅಮ್ಮಿನಬಾವಿಗೆ ಹೋದೆವು, ಅಲ್ಲಿ ನಮ್ಮಣ್ಣನ ಹೊಲದಲ್ಲಿ ಕಡಲೆ ಕಿತ್ತಾಗಿತ್ತು. ಕಪ್ಪು ಎರಿ ಭೂಮಿ, ಸುತ್ತ ಒಂದು ಗಿಡವಿಲ್ಲ. ರೆಕ್ಕೆ ಕಟ್ಟಿದ ಮೇಲೆ ಖಲೀಲಭಾಯಿ, ಇನ್ನೊಮ್ಮೆ ಬೆರಳ ಮೇಲೆ ಇಟ್ಟು ನೋಡೋಣವೇ ಎಂದರು. ಮತ್ತೆ ಮುಟ್ಟಿ ತಡವಿದರೆ ಬಸವಣ್ಣ ಸಿಕ್ಕಿಬಿಟ್ಟಾನು ಎಂದು, ನಮ್ಮವರು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ. "ನಿನ್ನೆ ನನ್ನ ಬೆರಳ ಮ್ಯಾಲೇ ನಿಂತಿತ್ತರಿ ಭಾಯಿ. ಗಾಳಿ ಏಳೂದ್ರೊಳಗ ಹಾರಿಸ್ರಿ." ಗಾಳಿ ನಿಜವಾಗಿಯೂ ಏಳುತ್ತಿತ್ತು. ಅವರು ನನ್ನ ಮಾತು ನಂಬಿದರು.

ಖಲೀಲಭಾಯಿ ನಾಲ್ಕು ಹೆಜ್ಜೆ ಓಡಿ ಕೈಯಿಂದ ಬಿಟ್ಟರು. ವಿಮಾನ ಹಾರಿತು. ನಾನು ಚಪ್ಪಾಳೆ ಹೊಡೆದೆ. ಆದರೆ ಅದು ಮುಂದೆ ಹೋಗುವ ಬದಲು ಮೂಗೆತ್ತಿ ಮೇಲೆ, ಮೇಲೆ ಹೋಯಿತು. ನಮ್ಮವರು ಕೆಳಗಿಳಿಸಿದರೆ ಗೋಣು ಹಾಕಿತು, ಎತ್ತಿದರೆ ಮತ್ತೆ ಆಕಾಶ ನೋಡಿತು. ಕೊನೆಗೆ ಮೇಲೆ ಒಂದು ಗಳಿಗೆ ನಿಂತೇಬಿಟ್ಟಿತು. ಆಮೇಲೆ ಒಂದು ರೆಕ್ಕೆ ವಾಲಿ ತಿರುಗುತ್ತ ಬಂದು ಹೆಂಟೆಗಳ ನಡುವೆ ಬಿತ್ತು.

ನಮ್ಮವರು ರಿಮೋಟನ್ನು ನೆಲದ ಮೇಲೆ ಮೆಲ್ಲಗೆ ಇಟ್ಟು ತಮ್ಮ ಬಲಗೈ ನೋಡಿಕೊಂಡರು. ಅದು ಗದಗದ ನಡುಗುತ್ತಿತ್ತು. "ಕೈ ನಡಗಿತು, ಖಲೀಲ" ಎಂದರು, ಅಷ್ಟೇ. ಮೊದಲನೇ ಸಲ ಎಲ್ಲರದೂ ಬೀಳುತ್ತದೆ ಎಂದು ಖಲೀಲಭಾಯಿ ಏನೇನೋ ಹೇಳಿದರು. ಬಾಲ ರೆಕ್ಕೆಯ ಹಿಂದೆ ಮುರಿದು ಜೋತುಬಿದ್ದಿತ್ತು. ಚೂರುಗಳನ್ನು ನನ್ನ ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಬಂದೆವು. ದಾರಿಯುದ್ದಕ್ಕೂ ಅವರು ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದರು. ಮನೆಗೆ ಬಂದವರೇ ಅಂಗಡಿಯ ಕೀಲಿಯನ್ನು ಮೊಳೆಯಿಂದ ತೆಗೆದು ಖಲೀಲಭಾಯಿಯ ಮುಂದೆ ಇಟ್ಟು, ಸಂಜೆ ಮಾಲೀಕರಿಗೆ ಮುಟ್ಟಿಸು ಎಂದರು. ಖಲೀಲಭಾಯಿ ಕೀಲಿ ಮುಟ್ಟಲೂ ಇಲ್ಲ, ಏಳಲೂ ಇಲ್ಲ.

ನಾನು ಮುರಿದ ವಿಮಾನವನ್ನು ಒಳಗೆ ಒಯ್ದು ಮೊದಲು ಬಸವಣ್ಣನನ್ನು ತೆಗೆದೆ, ಯಾರಾದರೂ ನೋಡಿದರೆ ಏನು ಗತಿ ಎಂದು. ಅಂಗೈ ಮೇಲೆ ಇಟ್ಟುಕೊಂಡಾಗ ಅದು ಭಾರ ಅನಿಸಿತು. ದಿನಾ ನೀರೆರೆಯುವ ಬಸವಣ್ಣ, ಎಂದೂ ಭಾರ ಅನಿಸಿರಲಿಲ್ಲ. ಎರಡು ತಿಂಗಳು ಹುಲ್ಲಿನಷ್ಟು ಹಗುರ ಮರ ಹಿಡಿದ ಕೈ ಅಲ್ಲವೇ, ಈಗ ಗೊತ್ತಾಯಿತು.

ಅಳತೆಪಟ್ಟಿ ತಂದೆ. ಒಂದು ತುದಿಯ ಹತ್ತಿರ ಬೆರಳಿಟ್ಟು, ಗಿಡ್ಡ ಬದಿಗೆ ಕತ್ತರಿ ಹೇರಿ ಸಮ ನಿಲ್ಲಿಸಿದೆ. ಬೆರಳಿನ ಪಕ್ಕದಲ್ಲೇ ಬಸವಣ್ಣನನ್ನು ಇಟ್ಟೆ. ಪಟ್ಟಿ ಅಲುಗಲಿಲ್ಲ. ಉದ್ದ ಬದಿಯ ಕೊಟ್ಟಕೊನೆಗೆ ಇಟ್ಟೆ. ಪಟ್ಟಿ, ಕತ್ತರಿ, ಬಸವಣ್ಣ ಎಲ್ಲ ದಡಾರನೆ ನೆಲಕ್ಕೆ ಬಂದವು. ಅದೇ ಬಸವಣ್ಣ, ಅದೇ ಭಾರ. ದೂರ ಹೋದಷ್ಟೂ ಬಲ ಹೆಚ್ಚು. ವಿಮಾನ ಕೆಡವಿದ್ದು ಅವರ ಕೈಯಲ್ಲ, ನನ್ನದು.

ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸುಳ್ಳು ಯಾಕೆ, ಒಂದು ಗಳಿಗೆ ಹಾಗೆಯೇ ಬಿಡೋಣ ಅನಿಸಿತು. ಮುಚ್ಚಿಕೊಂಡರೆ ನನ್ನ ಮಾನ ಉಳಿಯುತ್ತಿತ್ತು, ಅವರ ಕೈ ಹೋಗುತ್ತಿತ್ತು. ಪಡಸಾಲೆಯಲ್ಲಿ ಕೀಲಿ ಇನ್ನೂ ಅಲ್ಲೇ ಬಿದ್ದಿತ್ತು. ಹೋಗಿ ಅದರ ಪಕ್ಕದಲ್ಲಿ ಬಸವಣ್ಣನನ್ನು ಇಟ್ಟೆ.

"ಕೈ ನಡಗಿ ಬಿದ್ದಿಲ್ಲರಿ. ನಾ ಇದನ್ನ ಬಾಲದಾಗ ಇಟ್ಟಿದ್ದೆ. ಮುಂಜಾನೆ, ನೀವು ಜಳಕಕ್ಕ ಹೋದಾಗ."

ಬೈಯಲಿ ಎಂದು ತಲೆ ತಗ್ಗಿಸಿ ನಿಂತೆ. ಖಲೀಲಭಾಯಿ ಕಣ್ಣುಮುಚ್ಚಿ ತಮ್ಮ ಹಣೆ ಹಣೆ ಬಡಿದುಕೊಂಡರು. ನಮ್ಮವರು ಬಸವಣ್ಣನನ್ನು ಕೈಗೆತ್ತಿಕೊಂಡರು. ಆಮೇಲೆ ಕೇಳಿದ್ದು ನಾನು ಕನಸಿನಲ್ಲೂ ಎಣಿಸದ ಮಾತು.

"ಬಾಲದಾಗ ಅಂದ್ರ ಎಲ್ಲಿ? ತುದೀಗೆ? ತೋರ್ಸು."

ತೋರಿಸಿದೆ. ಅವರು ನನ್ನ ಅಳತೆಪಟ್ಟಿ ಇಸಿದುಕೊಂಡು ರೆಕ್ಕೆಯಿಂದ ಬಾಲದವರೆಗಿನ ದೂರ ಅಳೆದರು. ಬಸವಣ್ಣನನ್ನು ಅಂಗೈಯಲ್ಲಿ ತೂಗಿ, ನಾಲ್ಕು ತೊಲೆ ಇರಬೇಕು ಎಂದರು. ಹಾಲಿನ ಬಿಲ್ಲಿನ ಹಿಂದೆ ಲೆಕ್ಕ ಹಾಕಿದರು. ಇಬ್ಬರೂ ತಲೆಗೆ ತಲೆ ಕೂಡಿಸಿ ಕೂತು, ಅದಕ್ಕೇ ಮೂಗೆತ್ತಿತು, ಅದಕ್ಕೇ ಗೋಣು ಹಾಕಿತು ಎಂದು ಮಾತಾಡತೊಡಗಿದರು. ಇಷ್ಟು ಭಾರ ಬಾಲದಲ್ಲಿದ್ದರೆ ತಾನಾದರೂ ಅಷ್ಟು ಹೊತ್ತು ಮೇಲೆ ಹಿಡಿಯಲು ಆಗುತ್ತಿರಲಿಲ್ಲ ಎಂದರು ಖಲೀಲಭಾಯಿ. ನಮ್ಮವರು ಪೆನ್ನು ಕೆಳಗಿಟ್ಟರು. "ಖರೇ ಹೇಳ್ತೀಯೇನು?" ಎಂದರು. "ನಿನ್ನ ಮುಂದ ಸುಳ್ಳು ಹೇಳಿ ನನಗೇನ್ ಆಗಬೇಕೈತಿ?" ಎಂದರು ಭಾಯಿ. ನಮ್ಮವರು ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ, ನೋಡದವಳಂತೆ ಚಹಾ ಮಾಡಲು ಹೋದೆ. ತಿರುಗಿ ಬಂದಾಗ ಕೀಲಿ ಮೊಳೆಯ ಮೇಲಿತ್ತು. ಬೈಗುಳ ಮರುದಿನ ಬಂತು, ಬಡ್ಡಿ ಸಮೇತ.

ಹದಿನೈದು ದಿನ ಕೂತು ಬಾಲ ಕೂಡಿಸಿದರು. ಒಳಗೆ ಪಟ್ಟಿಗಳ ಆಸರೆ, ಅದರ ಮೇಲೆ ಅಂಟು. ಹೊದಿಕೆ ನಾನೇ ಹಾಕಿದೆ. ಬೆರಳ ಮೇಲೆ ಇಟ್ಟರೆ ಬಾಲ ವಾಲಿತು, ರಿಪೇರಿಯ ಭಾರ. ಬ್ಯಾಟರಿ ಇನ್ನೂ ಮುಂದಕ್ಕೆ ಸರಿಯುವ ಹಾಗಿರಲಿಲ್ಲ. ಮೂಗಿಗೆ ಸೀಸದ ತುಂಡು ಹಾಕಬೇಕು ಎಂದು ಖಲೀಲಭಾಯಿ ಹುಡುಕತೊಡಗಿದರು. ನಮ್ಮವರು ಎದ್ದು ಹೋಗಿ ಜಗಲಿಯಿಂದ ಬಸವಣ್ಣನನ್ನು ತಂದು, ಮೋಟಾರಿನ ಹಿಂದೆ ಇಟ್ಟು, ನನಗೆ ಎತ್ತು ಎಂದರು. ಎತ್ತಿದೆ. ನನ್ನ ಬೆರಳ ಮೇಲೆ ವಿಮಾನ ಅಲ್ಲಾಡದೆ ನಿಂತಿತು. "ದೇವರನ್ನ ಕೂಡಸೂ ಜಾಗಾ ಇದು, ಶಾಂತಾ. ಹಿಂದಲ್ಲ, ಮುಂದ" ಎಂದರು.

ಯುಗಾದಿಗೆ ಮೂರು ದಿನ ಮೊದಲು ಅದೇ ಹೊಲದಲ್ಲಿ ವಿಮಾನ ನಾಲ್ಕು ಸುತ್ತು ಹಾಕಿತು. ಇಳಿಯುವಾಗ ಕುಪ್ಪಳಿಸಿ ಒಂದು ಗಾಲಿ ಕಳಚಿಕೊಂಡಿತು, ಆದರೂ ಇಳಿಯಿತು. ನಾನು ನೋಡುತ್ತಿದ್ದದ್ದು ವಿಮಾನವನ್ನಲ್ಲ, ಅವರ ಕೈಯನ್ನು. ನಡುಗುತ್ತಲೇ ಇತ್ತು. ಈಗಲೂ ನಡುಗುತ್ತದೆ. ಹಾಗೆಯೇ ದುರ್ಗದ ಬೈಲಿನಲ್ಲಿ ಕೂತು ಗಡಿಯಾರ ಬಿಚ್ಚುತ್ತಾರೆ. ಮೊದಲಿನಷ್ಟು ಲಗೂ ಆಗುವುದಿಲ್ಲ ಎಂದು ಗಿರಾಕಿಗೆ ಮೊದಲೇ ಹೇಳುತ್ತಾರೆ.

ಪ್ರೀತಿಯಿಂದ ಇಟ್ಟದ್ದೂ ಭಾರವೇ. ಇದನ್ನು ಕಲಿಯಲು ನನಗೆ ಒಂದು ವಿಮಾನ ಮುರಿಯಬೇಕಾಯಿತು.

ಈಗಲೂ ಹೊಲಕ್ಕೆ ಹೊರಡುವ ಮೊದಲು ನಮ್ಮವರು ವಿಮಾನವನ್ನು ಕಂಕುಳಲ್ಲಿ ಹಿಡಿದು ಬಾಗಿಲಲ್ಲಿ ನಿಂತು ನನ್ನ ಮುಖ ನೋಡುತ್ತಾರೆ. ನಾನು ಎರಡೂ ಖಾಲಿ ಅಂಗೈ ಬಿಚ್ಚಿ ತೋರಿಸುತ್ತೇನೆ.